ಹೊಳೆ ದಕ್ಕೆಗೆ ಸೋಲಾರ್ ಲೈಟ್: ಬಿಡಿಬಿಡಿಯಾಗಿ ಕಟ್ಟಿಸಿದ ಸೆಟ್ ಮಳೆಗಾಲ ದಾಟಿದ ಮೇಲೆ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿದ್ದು ನಟ್ಟು-ಬೋಲ್ಟಿಗೆ, ಅದರ ಕಥೆ ಕೆಳಗೆ ಬರುತ್ತದೆ.

ತಗೊಂಡಿದ್ದು ಇಷ್ಟು. 50 ವ್ಯಾಟಿನ ಪ್ಯಾನೆಲ್, 12.8 ವೋಲ್ಟ್ 20 ಎಎಚ್ (ಆಂಪಿಯರ್-ಅವರ್) ಲಿಥಿಯಂ ಫಾಸ್ಫೇಟ್ ಬ್ಯಾಟರಿ, 10 ಆಂಪಿಯರಿನ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್, ಬ್ಯಾಟರಿ, ಲೈಟಿನ ನಡುವೆ ಕೂತು ಕರೆಂಟನ್ನು ಹದ್ದಿನಲ್ಲಿಡುವ ಡಬ್ಬಿ), 6 ವ್ಯಾಟಿನ 12 ವೋಲ್ಟ್ ಎಲ್‌ಇಡಿ ಲೈಟು ಒಂದು. ಎಲ್ಲವನ್ನೂ ಕುಂದಾಪುರದ ಒಂದು ಸಣ್ಣ ಸೋಲಾರ್ ಅಂಗಡಿಯಲ್ಲಿ ಬಿಡಿಬಿಡಿಯಾಗಿ ತಗೊಂಡು ಅವರ ಹುಡುಗನಿಂದಲೇ ಕೂರಿಸಿದ್ದು. ಕಂಬ, ಪೆಟ್ಟಿಗೆ, ವಯರು, ಕೂಲಿ ಎಲ್ಲಾ ಸೇರಿ ಹನ್ನೆರಡು ಸಾವಿರದ ಹತ್ತಿರ ಬಂತು. "ಆನ್‌ಲೈನಲ್ಲಿ ಎರಡು ಸಾವಿರಕ್ಕೆ ಸಿಗ್ತದಲ್ಲ, ಇದಕ್ಕೆ ಹನ್ನೆರಡಾ?" ಅಂತ ಮನೆಯಲ್ಲೂ ಕೇಳಿದರು, ಹೊಳೆ ಆಚೆಯವರೂ ಕೇಳಿದರು. ಈ ರಿವ್ಯೂ ಆ ಪ್ರಶ್ನೆಗೇ ಉತ್ತರ ಅಂತ ಇಟ್ಟುಕೊಳ್ಳಿ.

ನಮ್ಮದು ಪಂಚಗಂಗಾವಳಿ ಹೊಳೆಯ ಒಂದು ಕುದ್ರು, ಅಂದರೆ ಹೊಳೆ ನಡುವಿನ ದ್ವೀಪ. ಮನೆಗೆ ಮೆಸ್ಕಾಂ ಕರೆಂಟ್ ಇದೆ, ದೋಣಿ ಕಟ್ಟುವ ದಕ್ಕೆಗೆ ಇಲ್ಲ. ಮನೆಯಿಂದ ದಕ್ಕೆಗೆ ತೆಂಗಿನ ತೋಟ ದಾಟಿ ಹೋಗಬೇಕು, ವಯರು ಎಳೆದರೆ ಎಳೆಯಬಹುದಿತ್ತು. ಆದರೆ 230 ವೋಲ್ಟಿನ ವಯರು ಉಪ್ಪುನೀರಿನ ಪಕ್ಕ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ, ಮಳೆಗಾಲದಲ್ಲಿ ತೋಟದಲ್ಲೇ ನೀರು ನಿಲ್ಲುವ ನೆಲ. ಯಾಕೆ ಬೇಕು ಈ ತಲೆಬಿಸಿ? 12 ವೋಲ್ಟ್ ಆದರೆ ಒದ್ದೆ ಕೈಯಲ್ಲಿ ಮುಟ್ಟಿದರೂ ಜೀವಕ್ಕೆ ಅಪಾಯ ಇಲ್ಲ. ನಾನು ಸೋಲಾರಿಗೆ ಹೋಗಿದ್ದಕ್ಕೆ ದೊಡ್ಡ ಕಾರಣ ಇದೇ, ಕರೆಂಟ್ ಬಿಲ್ ಉಳಿಯುತ್ತದೆ ಅಂತ ಅಲ್ಲ. 6 ವ್ಯಾಟಿನ ಲೈಟಿಗೆ ಬಿಲ್ ಎಷ್ಟು ಬರುತ್ತದೆ ಹೇಳಿ.

ದಕ್ಕೆ ಅಂದ ಕೂಡಲೇ ಮಲ್ಪೆ, ಗಂಗೊಳ್ಳಿಯಂಥ ಮೀನುಗಾರಿಕೆ ಬಂದರು ನೆನಪು ಮಾಡಿಕೊಳ್ಳಬೇಡಿ. ಕೆಂಪುಕಲ್ಲಿನ ಕಟ್ಟೆ, ನೀರಿಗೆ ಇಳಿಯುವ ಮೆಟ್ಟಿಲು, ದೋಣಿ ಕಟ್ಟಲು ಎರಡು ಗೂಟ, ಅಷ್ಟೇ. ಭರತ ಬಂದಾಗ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ, ಇಳಿತಕ್ಕೆ ಹೊರಗೆ ಬರುತ್ತವೆ, ಬಂದಾಗ ಮೈತುಂಬಾ ಪಾಚಿ. ಅಮಾವಾಸ್ಯೆ, ಹುಣ್ಣಿಮೆ ಬಂದರೆ ನೀರು ಇನ್ನೂ ಮೇಲೆ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರು, ಬೆಳಗಿನ ಜಾವ ಬಲೆಗೆ ಹೊರಟವರು ಯಾವ ಮೆಟ್ಟಿಲು ಒಣಗಿದೆ, ಯಾವುದು ಜಾರುತ್ತದೆ ಅಂತ ಕಾಣದೆ ಕಾಲಿಡಬೇಕು. ಟಾರ್ಚ್ ಹಿಡಿಯೋಣ ಅಂದರೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹುಟ್ಟು.

ಇನ್ನೊಂದು ವಿಷಯ. ಟ್ರಾಲ್ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರಿಗೆ ಸೀಸನ್ ಅಂದರೆ ಅದೇ ಮಳೆಗಾಲ. ಅಂದರೆ ಬಿಸಿಲು ಅತೀ ಕಮ್ಮಿ ಇರುವ ತಿಂಗಳಲ್ಲೇ ಲೈಟು ಅತೀ ಜಾಸ್ತಿ ಬೇಕು. ಏಪ್ರಿಲ್‌ನಲ್ಲಿ ಯಾವ ಲೈಟು ತಂದು ಹಾಕಿದರೂ ಉರಿಯುತ್ತದೆ. ಕರಾವಳಿಯಲ್ಲಿ ಸೋಲಾರ್ ಲೈಟಿನ ರಿವ್ಯೂ ಬರೆಯುವವರು ಜುಲೈ ಕಳೆಯದೆ ಬರೆಯಲೇಬಾರದು, ಅದಕ್ಕೆ ನಾನೂ ಇಷ್ಟು ದಿನ ಸುಮ್ಮನಿದ್ದೆ.

ಈಗ ಎರಡು ಸಾವಿರದ ಲೈಟಿನ ವಿಷಯಕ್ಕೆ ಬರೋಣ. ಪ್ಯಾನೆಲ್, ಬ್ಯಾಟರಿ, ಲೈಟು ಎಲ್ಲಾ ಒಂದೇ ಡಬ್ಬಿಯಲ್ಲಿ ಬರುತ್ತದಲ್ಲ, ಕಂಬಕ್ಕೆ ಸಿಕ್ಕಿಸಿದರೆ ಆಯ್ತು ಅನ್ನುವ ತರಹದ್ದು. ಹೊಳೆಯ ಆಚೆ ದಡದ ನಮ್ಮ ಸಂಬಂಧಿಕರು ಅಂಥದ್ದು ಒಂದು ಹಾಕಿದ್ದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 200 ವ್ಯಾಟ್ ಅಂತ ಬರೆದಿತ್ತು. ಇದನ್ನು ನಂಬುವ ಮೊದಲು ಒಂದು ಟೇಪ್ ಹಿಡಿದು ಪ್ಯಾನೆಲ್ ಅಳೆಯಿರಿ. ಒಳ್ಳೆಯ ಮೋನೋ ಪ್ಯಾನೆಲ್ ಆದರೂ ನಡುಮಧ್ಯಾಹ್ನದ ಉರಿಬಿಸಿಲಲ್ಲಿ ಒಂದು ಚದರ ಅಡಿಗೆ ಸಿಗೋದು ಹೆಚ್ಚೆಂದರೆ 20 ವ್ಯಾಟ್. ಆ ಲೈಟಿನ ಪ್ಯಾನೆಲ್ ಒಂದೂಕಾಲು ಚದರ ಅಡಿಯೂ ಇರಲಿಲ್ಲ. ಇಪ್ಪತ್ತೈದು ವ್ಯಾಟ್ ಹುಟ್ಟದ ಜಾಗದಲ್ಲಿ ಇನ್ನೂರು ವ್ಯಾಟ್ ಉರಿಯೋದು ಎಲ್ಲಿಂದ? ಲೈಟಿನಲ್ಲಿ ಎಷ್ಟು ಎಲ್‌ಇಡಿ ಮಣಿ ಇದೆ ಎಣಿಸಿ, ಒಂದೊಂದಕ್ಕೂ ಒಂದು ವ್ಯಾಟೋ ಎರಡು ವ್ಯಾಟೋ ಅಂತ ಲೆಕ್ಕ ಹಿಡಿದು ಡಬ್ಬಿಯ ಮೇಲೆ ಬರೆದುಬಿಡುತ್ತಾರೆ. ಅವು ಅಷ್ಟು ಜೋರಾಗಿ ಉರಿಯೋದೇ ಇಲ್ಲ.

ಅದು ಬೇಸಿಗೆಯಲ್ಲಿ ಚೆನ್ನಾಗೇ ಉರಿದಿತ್ತು, ಸುಳ್ಳು ಹೇಳಬಾರದು. ಮಳೆ ಹಿಡಿದ ಮೇಲೆ ರಾತ್ರಿ ಒಂಬತ್ತಕ್ಕೆ ಮಂಕಾಗುತ್ತಿತ್ತು, ಆಮೇಲಾಮೇಲೆ ಎದುರು ಯಾರಾದರೂ ನಡೆದರೆ ಮಾತ್ರ ಹತ್ತುತ್ತಿತ್ತು, ಕೊನೆಗೆ ಅದೂ ಇಲ್ಲ. ಬಿಚ್ಚಿ ನೋಡಿದಾಗ ಒಳಗೆ ಬೆರಳು ದಪ್ಪದ ಬ್ಯಾಟರಿ ಸೆಲ್ ನಾಲ್ಕು, ಒಂದರ ತುದಿಗೆ ಹಸಿರು ಕಿಲುಬು. ಮೂಲೆಯಲ್ಲಿ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಐಪಿ65 ಅಂತ ಡಬ್ಬಿಯ ಮೇಲಿತ್ತು. ಪೈಪಿನಿಂದ ನೀರು ಹೊಡೆದರೂ ಒಳಗೆ ಹೋಗಬಾರದು ಅನ್ನೋದು ಅದರ ಅರ್ಥ, ಮುಳುಗಿದರೆ ತಡೆಯುತ್ತದೆ ಅಂತ ಅಲ್ಲ, ಅದಕ್ಕೆ ಐಪಿ67 ಬೇಕು. ಆದರೆ ಸಂದಿನ ರಬ್ಬರು ಬಿಸಿಲಿಗೆ ಒಣಗಿ ಬಿರಿದ ಮೇಲೆ 65 ಆದರೇನು, 67 ಆದರೇನು. ದೊಡ್ಡ ತೊಂದರೆ ಅಂದರೆ ಅದರ ಬ್ಯಾಟರಿ ಹೋದರೆ ಅಂಥದ್ದೇ ಇನ್ನೊಂದು ಸಿಗೋದಿಲ್ಲ, ಸಿಕ್ಕರೂ ಬೆಸುಗೆ ಬಿಡಿಸಿ ಹಾಕಿಕೊಡುವವರು ಬೇಕು. ಇಡೀ ಲೈಟು ಗುಜರಿಗೆ. ಕಾಂಪೌಂಡ್ ಗೇಟಿಗೆ, ಅದೂ ಬಯಲುಸೀಮೆಯ ಒಣ ಹವೆಯಲ್ಲಿ ಇಂಥ ಲೈಟು ಸಾಕು ಅನ್ನಿಸುತ್ತದೆ. ನಮ್ಮ ಹೊಳೆಬದಿಗೆ ಬೇಡ.

ಅಂಗಡಿಗೆ ಹೋದಾಗ ನಾನೂ ಮೊದಲು ಕೇಳಿದ್ದು ವ್ಯಾಟ್ ಲೆಕ್ಕದಲ್ಲೇ. ಅಂಗಡಿಯವರು, "ವ್ಯಾಟ್ ಆಮೇಲೆ ಕಾಂಬ, ಎಷ್ಟ್ ಹೊತ್ ಉರೀಬೇಕ್ ಅದನ್ ಹೇಳಿ ಮಾರಾಯ್ರೆ" ಅಂದರು. ಅಲ್ಲಿಗೇ ಅವರ ಮೇಲೆ ನನಗೆ ನಂಬಿಕೆ ಬಂತು. ಸಂಜೆ ಆರೂವರೆಯಿಂದ ಬೆಳಗ್ಗೆ ಆರೂವರೆ, ಹನ್ನೆರಡು ಗಂಟೆ. 6 ವ್ಯಾಟಿನ ಲೈಟು 12 ಗಂಟೆ ಉರಿದರೆ 72 ವ್ಯಾಟ್-ಅವರ್. ಬ್ಯಾಟರಿ 12.8 ವೋಲ್ಟ್ 20 ಎಎಚ್ ಅಂದರೆ 256 ವ್ಯಾಟ್-ಅವರ್. ಒಂದು ಚೂರೂ ಬಿಸಿಲು ಬರದಿದ್ದರೂ ಮೂರು ರಾತ್ರಿ ಧಾರಾಳ ಉರಿಯುತ್ತದೆ. ಇನ್ನು 50 ವ್ಯಾಟಿನ ಪ್ಯಾನೆಲ್, ನಮ್ಮದು ಸಾದಾ ಪಿಡಬ್ಲ್ಯೂಎಂ ಕಂಟ್ರೋಲರ್ ಆದ್ದರಿಂದ ಬ್ಯಾಟರಿಗೆ ಹೋಗೋದು 35 ವ್ಯಾಟಿನ ಹತ್ತಿರ. ಪ್ಯಾನೆಲ್ 18 ವೋಲ್ಟಿನಲ್ಲಿ ಕೆಲಸ ಮಾಡಲು ತಯಾರಿದ್ದರೂ ಈ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದುಬಿಡುತ್ತದೆ, ಮಿಕ್ಕಿದ್ದು ದಂಡ. ಒಳ್ಳೆಯ ಬಿಸಿಲಿರುವ ದಿನ ಐದು ಗಂಟೆಯ ಲೆಕ್ಕ ಹಿಡಿದರೂ 175 ಬರುತ್ತದೆ, ಖರ್ಚಿನ ಎರಡು ಪಟ್ಟಿಗೂ ಜಾಸ್ತಿ. ಆಷಾಢದ ಕಪ್ಪು ಮೋಡದ ದಿನ ಒಂದು ಗಂಟೆಯ ಬಿಸಿಲಿನಷ್ಟೂ ಸಿಗೋದಿಲ್ಲ. ಆ ದಿನ 30 ಒಳಗೆ, 72 ಹೊರಗೆ. ನಡುವೆ ಒಂದು ದಿನ ಮಳೆ ಬಿಟ್ಟು ಹೊಳವಾದರೆ ಮತ್ತೆ ಸರಿಹೋಗುತ್ತದೆ.

ಎಂಪಿಪಿಟಿ ಕಂಟ್ರೋಲರ್ ಹಾಕಿದರೆ ಆ ದಂಡವಾಗುವ ಭಾಗವೂ ಸಿಗುತ್ತದೆ, ಆದರೆ ಅದರ ರೇಟಿಗೆ ಇನ್ನೊಂದು 50 ವ್ಯಾಟಿನ ಪ್ಯಾನೆಲ್ಲೇ ಬರುತ್ತದೆ. ಇಷ್ಟು ಸಣ್ಣ ಸೆಟ್ಟಿಗೆ ಅದು ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹಾಗೇ ಎಂಪಿಪಿಟಿ ಅಂತ ಸ್ಟಿಕ್ಕರ್ ಅಂಟಿಸಿ ಒಳಗೆ ಪಿಡಬ್ಲ್ಯೂಎಂ ಇಟ್ಟು ಏಳ್ನೂರು ರೂಪಾಯಿಗೆ ಮಾರುವ ಮಾಲೂ ಇದೆ, ನೋಡಿಕೊಳ್ಳಿ.

ಬ್ಯಾಟರಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ದುಡ್ಡು ಹೋಗೋದು ಅಲ್ಲಿಗೇ. ಇನ್ವರ್ಟರಿನದ್ದೋ ಸ್ಕೂಟರಿನದ್ದೋ ಹಳೇ ಬ್ಯಾಟರಿ ಸಾಕಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ಇಷ್ಟೇ ಕೆಲಸಕ್ಕೆ 40 ಎಎಚ್‌ನದ್ದು ಬೇಕು. ಅದು ಹೊತ್ತು ತರುವ ತೂಕ. ಅದಕ್ಕಿಂತ ಮುಖ್ಯ ಏನಂದರೆ ಲೆಡ್-ಆಸಿಡ್ ಬ್ಯಾಟರಿ ದಿನಾ ಪೂರ್ತಿ ಚಾರ್ಜ್ ಆಗಬೇಕು. ವಾರಗಟ್ಟಲೆ ಅರೆಬರೆ ಚಾರ್ಜಿನಲ್ಲೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಬಿಡೋದಿಲ್ಲ. ನಮ್ಮ ಮಳೆಗಾಲದಲ್ಲಿ ಪೂರ್ತಿ ಚಾರ್ಜ್ ಅನ್ನೋ ಮಾತೇ ಇಲ್ಲ, ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಬ್ಯಾಟರಿ ಅರ್ಧದ ಆಚೀಚೆಯೇ ಓಲಾಡುತ್ತದೆ. ಲಿಥಿಯಂ ಫಾಸ್ಫೇಟಿಗೆ ಅದು ಲೆಕ್ಕಕ್ಕೇ ಇಲ್ಲ. ಅರ್ಧ ಚಾರ್ಜಿನಲ್ಲಿ ಇದ್ದರೆ ಅದಕ್ಕೆ ಇನ್ನೂ ಸುಖ. ಎರಡು ಸಾವಿರ ಸಲ ಚಾರ್ಜ್-ಡಿಸ್ಚಾರ್ಜ್ ಆಗುತ್ತದೆ ಅಂತ ಕಂಪನಿಯವರು ಬರೆಯುತ್ತಾರೆ, ದಿನಾ ಕಾಲುಭಾಗ ಮಾತ್ರ ಬಳಸುವ ನಮ್ಮಂಥವರಿಗೆ ಬ್ಯಾಟರಿಗಿಂತ ಮೊದಲು ಪೆಟ್ಟಿಗೆಯೇ ತುಕ್ಕು ಹಿಡಿಯಬಹುದು. ಹಿಮ ಬೀಳುವ ದೇಶಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು ಅನ್ನೋ ತಲೆನೋವಿದೆ, ನಮಗೆ ಅದಿಲ್ಲ. ನಮಗಿರೋದು ಸೆಕೆ. ಪೆಟ್ಟಿಗೆಯನ್ನು ಬಿಸಿಲಿಗೆ ಒಡ್ಡದೆ ಪ್ಯಾನೆಲ್ಲಿನ ನೆರಳಿಗೆ ಬರುವ ಹಾಗೆ ಅದರ ಕೆಳಗೇ ಕಟ್ಟಿಸಿ.

ಕಂಟ್ರೋಲರಿನ ಸೆಟ್ಟಿಂಗ್ ಒಂದು ನೋಡಲೇಬೇಕು. ಅಂಗಡಿಯ ಹುಡುಗ ಕೂರಿಸಿ ಹೊರಡುವಾಗ ಅದು ಲೆಡ್-ಆಸಿಡ್ ಮೋಡಿನಲ್ಲೇ ಇತ್ತು, ಕೇಳಿದ್ದಕ್ಕೆ ಬದಲಾಯಿಸಿದ. ಲಿಥಿಯಂ ಫಾಸ್ಫೇಟಿಗೆ ಚಾರ್ಜ್ ವೋಲ್ಟೇಜ್ 14.4 ಇಟ್ಟರೆ ಸಾಕು, ಈಕ್ವಲೈಸ್ (ಲೆಡ್-ಆಸಿಡ್ಡಿಗೆ ಆಗಾಗ ಕೊಡುವ ಜಾಸ್ತಿ ವೋಲ್ಟೇಜಿನ ಚಾರ್ಜ್) ಅನ್ನೋದು ಬಂದ್ ಇರಬೇಕು, ಲೋಡ್ ಅಂದರೆ ಲೈಟು ಕಟ್ ಆಗುವ ವೋಲ್ಟೇಜ್ 12ರ ಹತ್ತಿರ ಇರಬೇಕು. ಲೆಡ್-ಆಸಿಡ್ ಲೆಕ್ಕದಲ್ಲಿ ಅದು 11ರ ಹತ್ತಿರ ಇರುತ್ತದೆ. ಅಷ್ಟು ಕೆಳಗೆ ಹೋಗಿ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಪೂರ್ತಿ ಕಟ್ ಮಾಡಿಬಿಟ್ಟರೆ ಕೆಲವು ಕಂಟ್ರೋಲರುಗಳಿಗೆ ಬ್ಯಾಟರಿ ಇದೆ ಅಂತಲೇ ಗೊತ್ತಾಗೋದಿಲ್ಲ, ಬಿಸಿಲು ಬಂದರೂ ಚಾರ್ಜ್ ಶುರು ಆಗೋದಿಲ್ಲ. ಇನ್ನೊಂದು, ಡಿಸ್‌ಪ್ಲೇಯಲ್ಲಿ ಕಾಣುವ ಬ್ಯಾಟರಿಯ ಕಡ್ಡಿಗಳನ್ನು ನಂಬಬೇಡಿ. ಈ ಬ್ಯಾಟರಿಯ ವೋಲ್ಟೇಜ್ ಮುಕ್ಕಾಲು ಖಾಲಿ ಆಗುವವರೆಗೂ 13ರ ಆಸುಪಾಸಿನಲ್ಲೇ ಕೂತಿರುತ್ತದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೈಟು. ಬಿಚ್ಚುವಾಗ ತಿರುಗಾಮುರುಗಾ. ಬ್ಯಾಟರಿಯ ಪ್ಲಸ್ಸಿನ ಬುಡದಲ್ಲೇ ಒಂದು 5 ಆಂಪಿಯರಿನ ಫ್ಯೂಸ್ ಹಾಕಿಸಿ, ಇಪ್ಪತ್ತು ರೂಪಾಯಿಯ ಕೆಲಸ.

ಸಂಜೆ ತಾನಾಗೇ ಹತ್ತಿ ಬೆಳಗ್ಗೆ ಆರುವ ವ್ಯವಸ್ಥೆ ಕಂಟ್ರೋಲರಿನಲ್ಲೇ ಇದೆ. ಪ್ಯಾನೆಲ್ಲಿನ ವೋಲ್ಟೇಜ್ ಇಳಿದರೆ ಕತ್ತಲಾಯ್ತು ಅಂತ ಅದಕ್ಕೆ ತಿಳಿಯುತ್ತದೆ, ಬೇರೆ ಸೆನ್ಸರ್ ಬೇಡ. ಒಮ್ಮೊಮ್ಮೆ ದೊಡ್ಡ ಮಳೆ ಬರುವ ಮುಂಚೆ ನಾಲ್ಕು ಗಂಟೆಗೇ ಹತ್ತಿಕೊಂಡು ನಿಂತಿರುತ್ತದೆ. ಅಷ್ಟು ಕತ್ತಲಿರುವಾಗ ಹತ್ತಿದ್ದೇ ಒಳ್ಳೆಯದಾಯ್ತು ಅನ್ನಿ.

ಪ್ಯಾನೆಲ್ ಓರೆ ಎಷ್ಟಿರಬೇಕು ಅಂತ ಯೂಟ್ಯೂಬ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕ, ಕೆನಡಾದವರು 45 ಡಿಗ್ರಿ ಎತ್ತಿ ನಿಲ್ಲಿಸೋದು ಅವರ ಊರಿನ ಸೂರ್ಯನಿಗೆ ಸರಿ. ಕುಂದಾಪುರ ಇರೋದು 13.6 ಡಿಗ್ರಿ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ ಮುಖ ಮಾಡಿ ಹತ್ತು-ಹದಿನೈದು ಡಿಗ್ರಿ ಓರೆ ಇದ್ದರೆ ಸಾಕು. ಜೂನ್ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಬಡಗಣ ದಿಕ್ಕಿಗೆ ವಾಲಿರುತ್ತಾನೆ, ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಹಾಗಾಗಿ ಮಲಗಿಸಿದಷ್ಟೂ ಮಳೆಗಾಲಕ್ಕೆ ಲಾಭ. ಪೂರ್ತಿ ಮಲಗಿಸಿದರೆ ಮಾತ್ರ ನೀರು ನಿಂತು ಕೆಳಗಿನ ಅಂಚಲ್ಲಿ ಕೆಸರು ಕಟ್ಟುತ್ತದೆ.

ಓರೆಗಿಂತ ದೊಡ್ಡ ಶತ್ರು ತೆಂಗಿನ ಗರಿ ಮತ್ತು ನೀರುಕಾಗೆ. 12 ವೋಲ್ಟಿನ ಪ್ಯಾನೆಲ್ಲಿನಲ್ಲಿ 36 ಸೆಲ್‌ಗಳು ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಒಂದರ ಮೇಲೆ ಪೂರ್ತಿ ನೆರಳು ಬಿದ್ದರೆ ಆ ಸಾಲೇ ಸೊರಗುತ್ತದೆ. ಒಂದು ಗರಿಯ ನೆರಳು ಹತ್ತು ಗಂಟೆಗೆ ಬಂದು ಹನ್ನೊಂದೂವರೆವರೆಗೆ ಅಲ್ಲೇ ಆಡುತ್ತಿದ್ದರೆ ಬೆಳಗಿನ ಅರ್ಧ ಚಾರ್ಜ್ ಅಲ್ಲೇ ಹೋಯ್ತು. ನಮ್ಮ ಕಂಬವನ್ನು ಮರಗಳಿಂದ ದೂರ, ದಕ್ಕೆಯ ಹೊರತುದಿಗೆ ಹಾಕಿಸಿದ್ದು ಇದಕ್ಕೇ. ಆದರೆ ಹೊಳೆಯ ತುದಿಯಲ್ಲಿ ಒಂಟಿ ಕಂಬ ಕಂಡರೆ ಹಕ್ಕಿಗಳು ಬಿಡುತ್ತವಾ? ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಾ ಕೂತು ಪ್ಯಾನೆಲ್ ತುಂಬಾ ಸುಣ್ಣ ಬಳಿದು ಹೋಗುತ್ತದೆ. ಪ್ಯಾನೆಲ್ಲಿನ ಚೌಕಟ್ಟಿನ ನಾಲ್ಕು ಮೂಲೆಗೆ ಕಡ್ಡಿ ಕಟ್ಟಿ, ಅಂಚಿಗಿಂತ ನಾಲ್ಕು ಬೆರಳು ಮೇಲೆ ಗಾಳದ ನೈಲಾನ್ ದಾರ ಎಳೆದು ಬಿಟ್ಟಿದ್ದೇನೆ. ಕೂರಲು ಬಂದಾಗ ಕಾಲಿಗೆ ದಾರ ತಾಗಿ ಹಾರಿಹೋಗುತ್ತವೆ. ಪೂರ್ತಿ ನಿಂತಿಲ್ಲ, ಕಮ್ಮಿ ಆಗಿದೆ. ನವೆಂಬರಿನಿಂದ ಮೇವರೆಗೆ ಆಗಾಗ ಒಂದು ಬಕೆಟ್ ಸಿಹಿನೀರು, ಹಳೇ ಬಟ್ಟೆ ಹಿಡಿದು ಹೋಗಲೇಬೇಕು.

ಈಗ ಒಂದು ಸ್ಟಾರ್ ಕಳೆದ ಕಥೆ. ಪ್ಯಾನೆಲ್ ಒಳ್ಳೆಯದು, ಬ್ಯಾಟರಿ ಒಳ್ಳೆಯದು, ಕಂಬ ಹಾಟ್-ಡಿಪ್ ಗ್ಯಾಲ್ವನೈಸ್ ಮಾಡಿದ ಎರಡಿಂಚಿನ ಪೈಪು. ಇಷ್ಟೆಲ್ಲಾ ಕೊಟ್ಟ ಅಂಗಡಿಯವರು ಕ್ಲಾಂಪು ಮತ್ತು ನಟ್ಟು-ಬೋಲ್ಟ್ ಮಾತ್ರ ಸಾದಾ ಕಬ್ಬಿಣದ್ದು ಹಾಕಿದರು, ಮೇಲೆ ಬೆಳ್ಳಿ ಬಣ್ಣದ ಪೇಂಟ್. ಮೊದಲ ಮಳೆಗೇ ಕಂಬದ ಮೇಲೆ ಕೆಂಪು ನೀರು ಇಳಿಯಲು ಶುರು. ದೀಪಾವಳಿ ಹೊತ್ತಿಗೆ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ತಲೆ ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು. ಬದಲಾಯಿಸಿ ಕೊಡಿ ಅಂದರೆ "ಹೊಳೆಬದಿ ಅಲ್ದಾ, ಹಾಂಗೇ ಆತ್ತ್" ಅಂದರು. ಹೊಳೆಬದಿ ಅಂತ ಗೊತ್ತಿದ್ದೇ ತಾನೇ ಕೊಟ್ಟಿದ್ದು? ಕೊನೆಗೆ ನಾನೇ ಬೋಟಿನ ಸಾಮಾನು ಮಾರುವ ಅಂಗಡಿಯಿಂದ 316 ಗ್ರೇಡಿನ ಸ್ಟೀಲ್ ಬೋಲ್ಟ್ ತಂದು ಹಾಕಿಸಿದೆ. 304 ಅಂತ ಬರುವ ಸ್ಟೀಲು ಅಡುಗೆಮನೆಗೆ ಸರಿ, ಉಪ್ಪುಗಾಳಿಗೆ ಅದರಲ್ಲೂ ಕಂದು ಚುಕ್ಕೆ ಏಳುತ್ತದೆ. ಪ್ಯಾನೆಲ್ಲಿನ ಚೌಕಟ್ಟು ಅಲ್ಯೂಮಿನಿಯಂ, ಸ್ಟೀಲ್ ಬೋಲ್ಟ್ ನೇರ ಅದಕ್ಕೆ ತಾಗಿದರೆ ಉಪ್ಪುನೀರಿನ ತೇವದಲ್ಲಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ನಡುವೆ ನೈಲಾನ್ ವಾಷರ್ ಕೊಡಬೇಕು. ಇದನ್ನೂ ಅಂಗಡಿಯವರು ಹೇಳಿರಲಿಲ್ಲ.

ವಯರಿನ ತುದಿಯದ್ದೂ ಅದೇ ಪಾಡು. ಸಾದಾ ತಾಮ್ರದ ವಯರನ್ನು ಸುಲಿದು ಸಿಕ್ಕಿಸಿದರೆ ಉಪ್ಪು ಒಳಗೊಳಗೇ ಏರಿ ತಾಮ್ರ ಕಪ್ಪಾಗುತ್ತದೆ. ತವರ ಬಳಿದ ತಾಮ್ರದ ವಯರು ಸಿಕ್ಕರೆ ಅದನ್ನೇ ತಗೊಳ್ಳಿ, ಸಿಗದಿದ್ದರೆ ತುದಿಗೆ ಲಗ್ (ವಯರಿನ ತುದಿಗೆ ಹಾಕುವ ಲೋಹದ ತುಂಡು) ಒತ್ತಿಸಿ, ಗ್ರೀಸ್ ಸವರಿ, ಒಳಗೆ ಅಂಟು ಇರುವ ಹೀಟ್-ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಪೆಟ್ಟಿಗೆಗೆ ವಯರು ಕೆಳಗಿನಿಂದಲೇ ಹೋಗಬೇಕು, ಹೋಗುವ ಮುಂಚೆ ಒಂದು ಬಾಗು ಕೊಟ್ಟಿರಬೇಕು, ಆಗ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ.

ಲೈಟಿನ ಬಣ್ಣ. ಅಂಗಡಿಯಲ್ಲಿ ಬೆಳ್ಳಗೆ ಕೋರೈಸುವುದನ್ನೇ ಮೊದಲು ತೋರಿಸುತ್ತಾರೆ. ಹಳದಿಯದ್ದು, 3000 ಕೆ ಅಂತ ಬರೆದಿರೋದನ್ನು ಕೇಳಿ ತಗೊಳ್ಳಿ. ಮಳೆಹುಳ ಬೀಳೋದು ಕಮ್ಮಿ, ಕಣ್ಣಿಗೂ ಹಿತ. ಕತ್ತಲ ಹೊಳೆಯಲ್ಲಿ ದೋಣಿ ತರುವವನಿಗೆ ಎದುರಿನಿಂದ ಬಿಳಿ ಬೆಳಕು ಹೊಡೆದರೆ ದಕ್ಕೆಯೂ ಕಾಣೋದಿಲ್ಲ, ಪಕ್ಕದಲ್ಲಿ ನೆಟ್ಟ ಬಲೆಯ ಗೂಟವೂ ಕಾಣೋದಿಲ್ಲ. ಲೈಟಿಗೆ ಮೇಲಿಂದ ಟೋಪಿ ಇರಲಿ, ಬೆಳಕು ನೇರ ಮೆಟ್ಟಿಲ ಮೇಲೆ ಬೀಳಲಿ. 6 ವ್ಯಾಟ್ ಕಮ್ಮಿ ಆಯ್ತು ಅಂತ ಇಲ್ಲಿವರೆಗೆ ಯಾರೂ ಹೇಳಿಲ್ಲ, ಎಂಟಡಿ ಎತ್ತರದಿಂದ ಕೆಳಗೆ ಬೀಳುವ ಅಷ್ಟು ಬೆಳಕಲ್ಲಿ ಮೆಟ್ಟಿಲಿನ ಪಾಚಿ ಹೊಳೆಯೋದೂ ಕಾಣುತ್ತದೆ. ಚಂದಕ್ಕೆ ಅಂತ ಕೆಂಪು, ಹಸಿರು ಲೈಟು ಹಾಕೋ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮ ದೇಶದ ಕ್ರಮದಲ್ಲಿ ಸಮುದ್ರದಿಂದ ಬಂದರಿನ ಒಳಗೆ ಬರುವ ಬೋಟಿಗೆ ಎಡಗಡೆ ಗುರುತು ಕೆಂಪು, ಬಲಗಡೆ ಹಸಿರು. ಅಳಿವೆಗೆ ಹತ್ತಿರ ಇರುವ ದಕ್ಕೆಯಲ್ಲಿ ಅಂಥ ಬಣ್ಣ ಉರಿಸಿ ಬೋಟಿನವರನ್ನು ದಾರಿ ತಪ್ಪಿಸಬೇಡಿ.

ಮೀನಿನ ವಿಷಯ ಕೇಳುವವರು ಇದ್ದೇ ಇರುತ್ತಾರೆ. ಹೌದು, ಬೆಳಕಿಗೆ ಸಣ್ಣ ಮೀನು, ಸಿಗಡಿ ಬರುತ್ತವೆ, ಅವುಗಳ ಹಿಂದೆ ದೊಡ್ಡವೂ ಬರುತ್ತವೆ. ಗಾಳ ಹಾಕುವ ಹುಡುಗರಿಗೆ ನಮ್ಮ ದಕ್ಕೆ ಈಗ ಅಡ್ಡೆ. ಅವರು ಬಿಟ್ಟು ಹೋದ ಪ್ಲಾಸ್ಟಿಕ್ ಹೆಕ್ಕೋ ಕೆಲಸ ನನಗೆ, ಅದನ್ನು ಈ ಸೆಟ್ಟಿನ ಲೆಕ್ಕಕ್ಕೆ ಹಿಡಿಯೋದು ನ್ಯಾಯ ಅಲ್ಲ.

ಮಳೆಗಾಲದಲ್ಲಿ ಹೇಗೆ ಮಾಡಿತು ಅಂದರೆ, ಒಂದು ರಾತ್ರಿ ಬಿಟ್ಟರೆ ಬೆಳಗಿನವರೆಗೂ ಉರಿದಿದೆ. ಆ ಒಂದು ರಾತ್ರಿ ಜುಲೈಯಲ್ಲಿ, ದಿನಗಟ್ಟಲೆ ಮಳೆ ಬಿಡದೆ ಹೊಡೆದ ಮೇಲೆ, ಬೆಳಗಿನ ಜಾವ ಮೂರರ ಸುಮಾರಿಗೆ ಕಂಟ್ರೋಲರ್ ಲೈಟು ಕಟ್ ಮಾಡಿತ್ತು. ಮಾರನೇ ದಿನ ಮಧ್ಯಾಹ್ನ ಸ್ವಲ್ಪ ಹೊಳವು ಸಿಕ್ಕಿ ಸಂಜೆ ಮತ್ತೆ ಹತ್ತಿತು. ಅದೂ ಆಗಬಾರದು ಅನ್ನುವವರು ಬ್ಯಾಟರಿ ದೊಡ್ಡದು ಮಾಡುವ ಬದಲು ಪ್ಯಾನೆಲ್ಲನ್ನು 75ಕ್ಕೋ 100ಕ್ಕೋ ಏರಿಸಿ. ಮೋಡದಲ್ಲಿ ಪ್ಯಾನೆಲ್ ದೊಡ್ಡದಿದ್ದಷ್ಟೂ ನಾಲ್ಕು ಕಾಸು ಜಾಸ್ತಿ ಹುಟ್ಟುತ್ತದೆ, ಬ್ಯಾಟರಿ ದೊಡ್ಡದಾದರೆ ತುಂಬಿಸೋದು ಯಾರು? ಪ್ಯಾನೆಲ್ ದೊಡ್ಡದಾದರೆ ಗಾಳಿ ಹಿಡಿಯೋದೂ ಜಾಸ್ತಿ, ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕುವಾಗ ಜಿಪುಣತನ ಮಾಡಬೇಡಿ.

ಸಬ್ಸಿಡಿ ಸಿಗುತ್ತದಾ ಅಂತ ಕೇಳಿದವರಿಗೆ, ಪಿಎಂ ಸೂರ್ಯಘರ್ ಇದಕ್ಕೆ ಬರೋದಿಲ್ಲ. ಅದು ಮನೆಯ ಮಾಡಿನ ಮೇಲೆ ಹಾಕಿ ಕರೆಂಟ್ ಲೈನಿಗೆ ಜೋಡಿಸುವ ಸೋಲಾರಿಗೆ. ಇದು ಕೈಯಿಂದಲೇ ಖರ್ಚು.

ಅಂಗಡಿಯವರ ಸರ್ವಿಸ್ ಬಗ್ಗೆ ಹೇಳಬೇಕೆಂದರೆ ಫೋನ್ ಎತ್ತುತ್ತಾರೆ, ಹುಡುಗ ಕೆಲಸ ಗೊತ್ತಿರುವವನು, ಆದರೆ ದೋಣಿ ಹತ್ತಿ ಬರಬೇಕು ಅಂದರೆ ನಾಳೆ ನಾಡಿದ್ದು ಅಂತ ವಾರ ಮಾಡುತ್ತಾರೆ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾರಂಟಿಗೆ ಹೋದಾಗ ಯಾವ ಬ್ಯಾಟರಿ, ಯಾರ ಬ್ಯಾಟರಿ ಅಂತ ಶುರುವಾಗುತ್ತದೆ. ನಟ್ಟು-ಬೋಲ್ಟು, ಕ್ಲಾಂಪು ಮಾತ್ರ ಅವರ ಹತ್ತಿರ ತಗೊಳ್ಳಬೇಡಿ, 316 ಅಂತ ಕೇಳಿ ಬೋಟಿನ ಸಾಮಾನಿನ ಅಂಗಡಿಯಲ್ಲೇ ತಗೊಂಡು ಹೋಗಿ ಕೂರಿಸುವ ದಿನ ಹುಡುಗನ ಕೈಗೆ ಕೊಡಿ.